ಗಾಳಿ ತುಂಬದ ಕಂಪ್ರೆಸರ್

ನಮ್ಮೂರಲ್ಲಿ ಕಂಪ್ರೆಸರ್ ಅಂದ್ರೆ ಪಂಕ್ಚರ್ ಅಂಗಡಿ ಮುಂದೆ ಗಡಗಡ ಅಂತ ಅಲುಗಾಡೋ ಮಷಿನ್ನು. ಬಿಇ ಮುಗಿಸಿ ಬೆಂಗಳೂರು ಸೇರಿ, ಆಫೀಸಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಹಿಡಿದಾಗ ಗೆಳೆಯನೊಬ್ಬ, "ನಿನ್ನ ಒಂದು ಸ್ವರ ಎದೆಗೆ ಗುದ್ದುತ್ತೆ, ಇನ್ನೊಂದು ಕೇಳೋದೇ ಇಲ್ಲ. ಒಂದು ಕಂಪ್ರೆಸರ್ ತಗೋ ಮಾರಾಯ" ಅಂದ. ತಗೊಂಡೆ. ಫೋನಲ್ಲಿ ಹೇಳಿದ್ರೆ ಅಪ್ಪ, "ಗಿಟಾರಿಗೂ ಗಾಳಿ ತುಂಬಬೇಕೇನೋ?" ಅಂದ್ರು.

ಈ ಪುಟ್ಟ ಡಬ್ಬಿಯ ಚರಿತ್ರೆ ಹುಡುಕುತ್ತಾ ಹೋದರೆ ಮೊದಲು ಸಿಗುವವರು ಸಂಗೀತಗಾರರಲ್ಲ, ರೇಡಿಯೋ ಇಂಜಿನಿಯರುಗಳು. 1930ರ ದಶಕದ ಅಮೆರಿಕದಲ್ಲಿ ಎಎಂ ರೇಡಿಯೋ ಕೇಂದ್ರಗಳಿಗೆ ಒಂದು ತಲೆನೋವಿತ್ತು. ಸದ್ದು ಮಿತಿ ಮೀರಿದರೆ ಪ್ರಸಾರ ಒಡೆದು ಕರ್ಕಶವಾಗುತ್ತಿತ್ತು, ಪಕ್ಕದ ಕೇಂದ್ರದ ಜಾಗಕ್ಕೂ ನುಗ್ಗುತ್ತಿತ್ತು. ಹಾಗಂತ ತಗ್ಗಿಸಿದರೆ ದೂರದವರಿಗೆ ಕೇಳುತ್ತಿರಲಿಲ್ಲ. ಒಬ್ಬ ಆಪರೇಟರ್ ಗುಂಡಿ ಹಿಡಿದೇ ಕೂರಬೇಕಿತ್ತು. ಆ ಕೈಯ ಕೆಲಸವನ್ನು ಸರ್ಕ್ಯೂಟಿಗೆ ಒಪ್ಪಿಸಿದಾಗ ಬಂದದ್ದು ಲಿಮಿಟರ್. ಅದರ ಮೃದು ಸ್ವಭಾವದ ತಮ್ಮನೇ ಕಂಪ್ರೆಸರ್.

ಲೆಕ್ಕ ಸರಳ. ಸದ್ದಿಗೆ ನಾವೊಂದು ಗೆರೆ ಎಳೀತೀವಿ. 4:1 ಅಂತ ಇಟ್ಟರೆ, ಗೆರೆಗಿಂತ 8 ಡೆಸಿಬೆಲ್ ಮೇಲೆ ಹಾರಿದ ಸದ್ದು ಬರೀ 2 ಡೆಸಿಬೆಲ್ ಮೇಲೆ ನಿಲ್ಲುತ್ತೆ. ಆಮೇಲೆ ಒಟ್ಟಾರೆ ಸದ್ದು ಏರಿಸಿದರೆ ಮೆಲ್ಲಗಿದ್ದ ಸ್ವರಗಳೂ ಮುಂದೆ ಬರ್ತವೆ.

1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದರು. ಬೆರಳಿನ ಒತ್ತಡ ಚೂರು ಹೆಚ್ಚುಕಮ್ಮಿಯಾದರೂ ಬೇಸ್‌ನಲ್ಲಿ ಅದು ಎದ್ದು ಕಾಣುತ್ತೆ. ಗ್ರಾಮಫೋನ್ ತಟ್ಟೆಗೆ ಇದು ದೊಡ್ಡ ತೊಂದರೆ. ಕೆಳಸ್ವರ ಜೋರಾದರೆ ತಟ್ಟೆಯ ಗೀರು ಅಗಲಕ್ಕೆ ಓಲಾಡಿ ಮುಳ್ಳೇ ಜಿಗಿದುಬಿಡಬಹುದು. 1950ರ ದಶಕದ ಕೊನೆಗೆ ಬಂದ ಫೇರ್‌ಚೈಲ್ಡ್ 670 ತಟ್ಟೆ ಕೊರೆಯುವವರಿಗಾಗಿಯೇ ತಯಾರಾದದ್ದು: 20 ವಾಲ್ವು, ಹತ್ತಿರಹತ್ತಿರ 30 ಕೆಜಿ ತೂಕ. 1960ರ ದಶಕದ ಎಲ್‌ಎ-2ಎ ಇನ್ನೂ ಮಜವಾಗಿತ್ತು. ಸದ್ದು ಜೋರಾದಷ್ಟೂ ಒಳಗೊಂದು ದೀಪ ಪ್ರಕಾಶಿಸುತ್ತೆ, ಆ ಬೆಳಕು ಬಿದ್ದ ರೆಸಿಸ್ಟರ್ ಸದ್ದನ್ನು ತಗ್ಗಿಸುತ್ತೆ. ಅದರ ನಿಧಾನದ ನಡೆ ಬೇಸ್‌ಗೂ ಹಾಡುವ ಗಂಟಲಿಗೂ ಚೆನ್ನಾಗಿ ಒಗ್ಗಿತು.

ಅದೇ ಕಾಲಕ್ಕೆ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯಲ್ಲಿ ಜೇಮ್ಸ್ ಜೇಮರ್ಸನ್ ಅನ್ನೋ ಕಪ್ಪುಜನಾಂಗದ ಕಲಾವಿದ ಬೇಸ್ ನುಡಿಸುತ್ತಿದ್ದರು. ಬಲಗೈಯ ತೋರುಬೆರಳು ಒಂದೇ ಸಾಕಿತ್ತು. ಅದಕ್ಕೆ 'ಕೊಕ್ಕೆ' ಅಂತಲೇ ಅಡ್ಡಹೆಸರು. ಹಳೇ ತಂತಿ ಬದಲಾಯಿಸುತ್ತಿದ್ದದ್ದೇ ಅಪರೂಪ. ಅಮೆರಿಕದ ಕಾರು ರೇಡಿಯೋಗಳಲ್ಲೆಲ್ಲ ಆ ಬೇಸ್ ಕೇಳುತ್ತಿತ್ತು. ನುಡಿಸಿದವರ ಹೆಸರು ಮಾತ್ರ ಹೊದಿಕೆಯ ಮೇಲೆ ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂ ಬಂದಾಗ ಅಚ್ಚಾಯಿತು. 1983ರಲ್ಲಿ ಅವರು ತೀರಿಕೊಂಡರು, 47 ವರ್ಷಕ್ಕೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2000ದಲ್ಲಿ.

ಇದನ್ನೆಲ್ಲ ಓದಿದ ಮೇಲೆ ನನಗೆ ನಾಚಿಕೆಯಾಯ್ತು. ಡಬ್ಬಿ ಇದೆಯಲ್ಲ ಅಂತ ಬೆರಳನ್ನು ಸೋಮಾರಿ ಮಾಡಿದ್ದೆ. ಕಂಪ್ರೆಸರ್ ಸದ್ದಿನ ಏರಿಳಿತ ತಗ್ಗಿಸುತ್ತೆ, ತಾಳ ತಪ್ಪಿದ್ದನ್ನು ತಿದ್ದಲ್ಲ. ತಡವಾಗಿ ಬಂದ ಸ್ವರ ಇನ್ನಷ್ಟು ಸ್ಪಷ್ಟವಾಗಿ ತಡವಾಗಿ ಕೇಳುತ್ತೆ, ಅಷ್ಟೇ! ಒಂದು ತಿಂಗಳು ಅದನ್ನು ಆಫ್ ಮಾಡಿ ಅಭ್ಯಾಸ ಮಾಡಿದೆ. ಈಗ ಮತ್ತೆ ಹಾಕ್ತೀನಿ. ಬೆರಳಿನ ಮೊದಲ ಪೆಟ್ಟು ಉಳೀಲಿ ಅಂತ ಅಟ್ಯಾಕ್ ನಿಧಾನಕ್ಕೆ ಇಡ್ತೀನಿ.

ಆಫೀಸಿನಲ್ಲಿ ರಾತ್ರಿಯೆಲ್ಲ ಸರ್ವರ್ ಕಾಯೋರ ಹೆಸರು ನಮಗೆ ನೆನಪಾಗೋದು ಅದು ಡೌನ್ ಆದಾಗ ಮಾತ್ರ. ಬೇಸ್ ನುಡಿಸೋರದ್ದೂ ಅದೇ ಪಾಡು. ಮೆಲ್ಲಗಿರೋ ಸ್ವರವನ್ನು ಮುಂದೆ ತರೋಕೆ ಯಂತ್ರ ಸಿಕ್ಕಿದೆ. ಮೆಲ್ಲಗಿರೋ ಮನುಷ್ಯರ ಹೆಸರನ್ನು ಮಾತ್ರ ನಾವೇ ಬಾಯಿಬಿಟ್ಟು ಹೇಳಬೇಕು.