ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ಬೀಳದಿದ್ದಾಗ

ಕ್ಲಚ್ ಪೆಡಲ್ ಇಲ್ಲದ ಕಾರುಗಳು ವಿಜಯಪುರದಲ್ಲಿ ಈಗ ಅಪರೂಪವಲ್ಲ. ಅವು ಕೆಟ್ಟಾಗ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಮೂರು: "ಗಾಡಿ ಜರ್ಕ್ ಹೊಡಿಲಾಕತ್ತದ", "ಆರ್‌ಪಿಎಂ ಏರತದ, ಗಾಡಿ ಓಡವಲ್ದು", "ಡಿಗೆ ಹಾಕಿದ್ರೂ ಗೇರ್ ಬೀಳವಲ್ದು". ಮೂರಕ್ಕೂ "ಗೇರ್‌ಬಾಕ್ಸ್ ಹೋಗ್ಯಾದ್ರಿ" ಎಂಬ ಒಂದೇ ಉತ್ತರ ಬಂದರೆ ಒಪ್ಪಬೇಡಿ. ಮೊದಲು ಕೇಳಬೇಕಾದದ್ದು, ಅದು ಯಾವ ಬಗೆಯ ಗೇರ್‌ಬಾಕ್ಸ್ ಎಂದು.

ನಾಲ್ಕು ಬಗೆ

ಟಾರ್ಕ್ ಕನ್ವರ್ಟರ್ ಇರುವುದು ಹಳೆಯ, ಗಟ್ಟಿ ಬಗೆ. ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಗೇರಿಗೆ ದಾಟುತ್ತದೆ. ಇನೋವಾ ಕ್ರಿಸ್ಟಾದ ಆಟೋಮ್ಯಾಟಿಕ್ ಇಂಥದ್ದು. ಹೋಂಡಾ ಸಿಟಿಯಲ್ಲಿ ಬರುವ ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಬದಲು ಉಕ್ಕಿನ ಬೆಲ್ಟ್ ಮತ್ತು ಪುಲ್ಲಿಗಳಿವೆ. ಡಿಸಿಟಿಯಲ್ಲಿ ಎರಡು ಕ್ಲಚ್.

ನಮ್ಮಲ್ಲಿ ಸಾಮಾನ್ಯ ಕುಟುಂಬಗಳ ಕೈಗೆ ಎಟುಕಿದ್ದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಅದು ಭಾರತದ ಸಣ್ಣ ಕಾರಿಗೆ ಬಂತು. ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ. ಹಾಗಾಗಿ ಗೇರ್ ಬದಲಾಗುವಾಗ ಸಣ್ಣದಾಗಿ ತಲೆ ಬಾಗುವಂತಾದರೆ ಅದು ದೋಷವಲ್ಲ, ಸ್ವಭಾವ. ಮೊದಲಿಗಿಂತ ಜೋರಾದರೆ ಮಾತ್ರ ನೋಡಿಸಬೇಕು.

ಬಿಸಿಲು, ಕಬ್ಬು, ಎರಿ ಮಣ್ಣು

ಈ ಭಾಗದಲ್ಲಿ ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎಲ್ಲ ಬಗೆಯ ಆಟೋಮ್ಯಾಟಿಕ್‌ಗೂ ಶಾಖವೇ ದೊಡ್ಡ ಶತ್ರು. ಕಬ್ಬು ನುರಿಸುವ ಹಂಗಾಮಿನಲ್ಲಿ ಬಬಲೇಶ್ವರದ ಕಡೆ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ತೆವಳುತ್ತ ಹೋಗುವಾಗ ಎಎಂಟಿ ಮತ್ತು ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಡಿಸಿಟಿಗಳಲ್ಲಿ ಕ್ಲಚ್ ಅರ್ಧ ಹಿಡಿದು, ಅರ್ಧ ಬಿಟ್ಟು ತಿಕ್ಕಾಡುತ್ತದೆ. ಇಂಚಿಂಚು ಸರಿಯುವ ಬದಲು ಅಂತರ ಬಿಟ್ಟು ನಿಂತು, ಜಾಗ ಆದ ಮೇಲೆ ಒಮ್ಮೆಲೇ ಮುಂದೆ ಹೋಗುವುದು ಒಳ್ಳೆಯದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಿಡಿಯಿರಿ.

ಮಳೆಗಾಲದಲ್ಲಿ ತಿಕೋಟಾದ ದ್ರಾಕ್ಷಿ ತೋಟದ ದಾರಿಗಳಲ್ಲಿ ಎರಿ ಮಣ್ಣಿಗೆ ಸಿಕ್ಕಿದ ಗಾಡಿಯನ್ನು ಡಿ, ಆರ್, ಡಿ ಎಂದು ಸರಸರ ಬದಲಿಸಿ ಚಕ್ರ ಗರಗರ ತಿರುಗಿಸುವವರಿದ್ದಾರೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವುದು ಆಗಲೇ. ಚಕ್ರದ ಕೆಳಗೆ ಕಲ್ಲು, ದಂಟು ಹಾಕಿ ನಿಧಾನವಾಗಿ ಎಬ್ಬಿಸಬೇಕು.

ಗೇರ್‌ಬಾಕ್ಸ್ ಇಳಿಸುವ ಮೊದಲು

ಬ್ಯಾಟರಿಯಿಂದ ಶುರುಮಾಡಿ. ವೋಲ್ಟೇಜ್ ಇಳಿದರೆ ಆಕ್ಚುಯೇಟರಿಗೂ ಕಂಪ್ಯೂಟರಿಗೂ ಬಲ ಸಾಲದೆ ಗೇರ್ ಬೀಳುವುದಿಲ್ಲ. ಪಿಯಿಂದ ಲಿವರ್ ಹೊರಗೇ ಬರದಿದ್ದರೆ, ಬ್ರೇಕ್ ಒತ್ತಿ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಎಂದು ಯಾರಿಗಾದರೂ ನೋಡಲು ಹೇಳಿ. ಹತ್ತದಿದ್ದರೆ ಅನುಮಾನ ಬ್ರೇಕ್ ಸ್ವಿಚ್ ಅಥವಾ ಫ್ಯೂಸಿನ ಮೇಲೆ, ಗೇರ್‌ಬಾಕ್ಸ್ ಮುಟ್ಟಬೇಕಾಗಿಲ್ಲ. ಡಿಗೆ ಹಾಕಿದಾಗ "ಧಡ್" ಎಂದರೆ ಎಂಜಿನ್ ಮೌಂಟಿಂಗ್ ಕೂಡ ನೋಡಿಸಿ.

ಆಮೇಲೆ ಸ್ಕ್ಯಾನರ್. ಪಿ0700 ಎಂಬ ಕೋಡ್, ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ದೋಷ ಬರೆದಿಟ್ಟಿದೆ ಎಂದಷ್ಟೇ ಹೇಳುತ್ತದೆ. ನಿಜವಾದ ಸುಳಿವು ಜೊತೆಗಿರುವ ಕೋಡಿನಲ್ಲಿದೆ: ಪಿ0715 ಒಳವೇಗ ಅಳೆಯುವ ಸೆನ್ಸರ್ ಕಡೆ ಬೊಟ್ಟು ಮಾಡಿದರೆ, ಪಿ0741 ಕನ್ವರ್ಟರಿನ ಲಾಕ್‌ಅಪ್ ಕ್ಲಚ್ಚಿನ ಕಡೆ. ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ ಅದು ಲಿಂಪ್ ಮೋಡ್ ಇರಬಹುದು. ಕಂಪ್ಯೂಟರ್ ತಾನಾಗಿ ತೆಗೆದುಕೊಂಡ ರಕ್ಷಣೆ. ಕೋಡ್ ಅಳಿಸುವ ಮೊದಲು ಬರೆದಿಡಲು ಮೆಕ್ಯಾನಿಕ್‌ಗೆ ಹೇಳಿ.

ಎಣ್ಣೆಯ ಮಾತು

ಗೇರ್ ಜಾರಿ ಆರ್‌ಪಿಎಂ ಮಾತ್ರ ಏರುವುದು, ತಡವಾಗಿ ಗೇರ್ ಬೀಳುವುದು: ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಇದಕ್ಕೆ ಎಣ್ಣೆ ಕಡಿಮೆಯಾದದ್ದು ಅಥವಾ ಹಾಳಾದದ್ದು ಸಾಮಾನ್ಯ ಕಾರಣ. ಒಂದು ಹನಿ ಬಿಳಿ ಬಟ್ಟೆಯ ಮೇಲೆ ಹಾಕಿ. ಹೊಸ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಸಾಮಾನ್ಯವಾಗಿ ಕೆಂಪು. ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಒಳಗಿನ ಕ್ಲಚ್ಚುಗಳು ಸವೆದಿರಬಹುದು. ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ. ಹೊಸ ಕಾರುಗಳಲ್ಲಿ ಎಣ್ಣೆ ನೋಡುವ ಕಡ್ಡಿಯೇ ಇರುವುದಿಲ್ಲ. ನಿಗದಿತ ಉಷ್ಣತೆಯಲ್ಲಿ, ಸಮತಟ್ಟಾದ ಜಾಗದಲ್ಲಿ ಕೆಳಗಿನ ಪ್ಲಗ್ ಬಿಚ್ಚಿ ಅಳೆಯಬೇಕು.

ಸಿವಿಟಿಗೆ ಎಟಿಎಫ್ ಹಾಕಿದರೆ ಬೆಲ್ಟೇ ಹಾಳಾಗುತ್ತದೆ. ಎಣ್ಣೆಯ ಆಯ್ಕೆಯಲ್ಲಿ ದೊಡ್ಡ ಕಂಪನಿಗಳೂ ತಿದ್ದಿಕೊಳ್ಳಬೇಕಾಗಿ ಬಂದಿದೆ: 2013ರಲ್ಲಿ ಫೋಕ್ಸ್‌ವ್ಯಾಗನ್ ಏಳು ಗೇರಿನ ಡಿಎಸ್‌ಜಿ (ಆ ಕಂಪನಿಯ ಡಿಸಿಟಿ) ಇದ್ದ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆದು ಸಿಂಥೆಟಿಕ್ ಬದಲು ಮಿನರಲ್ ಆಯಿಲ್ ಹಾಕಿಸಿತು.

ಎಎಂಟಿಯಲ್ಲಿ ಹೊಸ ಕ್ಲಚ್ ಕೂಡಿಸಿದರೆ ಕೆಲಸ ಮುಗಿಯುವುದಿಲ್ಲ. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು. ಆ ಸೌಲಭ್ಯ ಇದೆಯೇ ಎಂದು ಮೊದಲೇ ಕೇಳಿಕೊಂಡೇ ಗಾಡಿ ಬಿಡಿ.

ಎಳೆದು ತರುವಾಗ

ಟಾರ್ಕ್ ಕನ್ವರ್ಟರ್ ಗಾಡಿಯನ್ನು ತಿಕೋಟಾದಿಂದ ವಿಜಯಪುರದವರೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಗೇರ್‌ಬಾಕ್ಸಿನ ಎಣ್ಣೆ ಪಂಪು ತಿರುಗುವುದು ಎಂಜಿನ್ ಓಡಿದಾಗ ಮಾತ್ರ. ನ್ಯೂಟ್ರಲ್‌ನಲ್ಲಿ ಎಳೆದರೂ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿಕ್ಕುತ್ತವೆ. ಡಿಸಿಟಿ, ಸಿವಿಟಿಗೂ ಇದೇ ಎಚ್ಚರಿಕೆ. ಇಡೀ ಗಾಡಿಯನ್ನು ಮೇಲೆ ಹೇರುವ ಫ್ಲಾಟ್‌ಬೆಡ್ ಕರೆಸಿ. ಅದು ಸಿಗದಿದ್ದರೆ ಎಂಜಿನ್ ಓಡಿಸುವ ಚಕ್ರಗಳನ್ನಾದರೂ ನೆಲದಿಂದ ಮೇಲೆತ್ತಿಸಿ ಎಳೆಸಿ.