ಇಂದುನಗರದ ಫಿಲ್ಮಿನಿಂದ ಕೈಯ ಫೋನಿನವರೆಗೆ

ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು ದಾಟಿ ಗೂಡಲೂರಿನ ಮೇಲೆ ಊಟಿಗೆ (ಹಳಬರ ಬಾಯಲ್ಲಿ ಉದಕಮಂಡಲಕ್ಕೆ) ಹೋಗುವ ಬಸ್ಸು ಊರು ಸೇರುವ ಸ್ವಲ್ಪ ಮೊದಲು ಇಂದುನಗರವನ್ನು ಹಾಯುತ್ತದೆ. ಕಿಟಕಿ ಪಕ್ಕ ಕೂತವರು ಆ ಹೊತ್ತಿಗೆ ಚಳಿಗೆ ಮಫ್ಲರ್ ಹುಡುಕುತ್ತಿರುತ್ತಾರೆ, ಯಾರೂ ಹೊರಗೆ ನೋಡುವುದಿಲ್ಲ! 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಇದ್ದದ್ದು ಇಲ್ಲೇ. ‘ಇಂದು’ ಎಂಬ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮು, ಫೋಟೋ ಕಾಗದ, ಎಕ್ಸ್‌ರೇ ಫಿಲ್ಮು ಇಲ್ಲಿಂದ ದೇಶಕ್ಕೆಲ್ಲ ಹೋಗುತ್ತಿತ್ತು. ಈಗ ಅದು ಮುಚ್ಚಿದೆ.

ಫಿಲ್ಮಿನ ಕಾಲದ ಒಂದು ಸಂಗತಿ ನಮ್ಮ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ತಾನು ತೆಗೆದದ್ದು ಹೇಗೆ ಬಂದಿದೆ ಎಂದು ನಿರ್ದೇಶಕನಿಗೇ ಆಗ ಗೊತ್ತಾಗುತ್ತಿರಲಿಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟವನು ಛಾಯಾಗ್ರಾಹಕ ಒಬ್ಬನೇ. ‘ಸರಿ ಬಂತೇನಪ್ಪಾ?’ ಎಂದು ಅವನನ್ನು ಕೇಳಬೇಕು, ಅವನು ಹೌದೆಂದರೆ ನಂಬಬೇಕು. ಫಿಲ್ಮು ಲ್ಯಾಬಿಗೆ ಹೋಗಿ, ತೊಳೆದು ಪ್ರಿಂಟಾಗಿ ಬರುವವರೆಗೆ ಕಾಯಬೇಕು. ಬಾಲು ಮಹೇಂದ್ರರ ‘ಮೂನ್ರಾಂ ಪಿರೈ’ (1982) ಚಿತ್ರದ ಕೇತ್ತಿ ನಿಲ್ದಾಣದ ಕೊನೆಯ ದೃಶ್ಯ ಆ ಕಾಲದ್ದು. ಆದರೆ ಬಾಲು ಮಹೇಂದ್ರ ತಾವೇ ಛಾಯಾಗ್ರಾಹಕರೂ ಆಗಿದ್ದರಲ್ಲ, ಬೇರೆಯವರನ್ನು ನಂಬುವ ಕಷ್ಟ ಅವರಿಗಿರಲಿಲ್ಲ.

ಈ ಕಷ್ಟಕ್ಕೆ ಮದ್ದು ಹುಡುಕಿದವರಲ್ಲಿ ಹಾಲಿವುಡ್ಡಿನ ಹಾಸ್ಯನಟ ಜೆರ್ರಿ ಲೂಯಿಸ್ ಒಬ್ಬರು. ನಟನೂ ನಿರ್ದೇಶಕನೂ ತಾನೇ ಆದಾಗ ತನ್ನ ನಟನೆಯನ್ನು ನೋಡುವವರಾರು? 1960ರ ದಶಕದ ಆರಂಭದಲ್ಲಿ ಅವರು ಸಿನಿಮಾ ಕ್ಯಾಮೆರಾದ ಜತೆ ಟಿವಿ ಕ್ಯಾಮೆರಾ ಇಟ್ಟು, ಪರದೆಯಲ್ಲಿ ಕೂಡಲೇ ನೋಡಿಕೊಂಡರು. ಇಂದಿನ ‘ಮಾನಿಟರ್’ನ ಅಜ್ಜ ಅದು. ಫ್ರಾನ್ಸಿಸ್ ಕೊಪ್ಪೊಲಾ ಇನ್ನೂ ಮುಂದೆ ಹೋಗಿ, ‘ಒನ್ ಫ್ರಂ ದಿ ಹಾರ್ಟ್’ (1982) ತೆಗೆಯುವಾಗ ಬೆಳ್ಳಿಬಣ್ಣದ ಒಂದು ವಾಹನದೊಳಗೆ ಕೂತು, ಪರದೆ ನೋಡುತ್ತ ಮೈಕಿನಲ್ಲೇ ನಿರ್ದೇಶಿಸಿದರು. ಚಿತ್ರ ನೆಲಕಚ್ಚಿತು, ಅವರು ಸಾಲದಲ್ಲಿ ಮುಳುಗಿದರು. ಅದಕ್ಕೂ ಇದಕ್ಕೂ ಸಂಬಂಧ ಕಟ್ಟುವುದು ತಪ್ಪು, ಬಿಡಿ.

ಆಮೇಲೆ ಬಂತು 2020ರ ಲಾಕ್‌ಡೌನ್. ಪ್ರಸೂನ್ ಪಾಂಡೆಯವರ ‘ಫ್ಯಾಮಿಲಿ’ ಎಂಬ ಕಿರುಚಿತ್ರದಲ್ಲಿ ಅಮಿತಾಭ್, ರಜನಿಕಾಂತ್, ಮಮ್ಮುಟ್ಟಿ, ನಮ್ಮ ಶಿವರಾಜ್‌ಕುಮಾರ್ ಎಲ್ಲರೂ ಒಂದೇ ಮನೆಯಲ್ಲಿದ್ದಂತೆ ಕಾಣುತ್ತಾರೆ. ನಿಜವಾಗಿ ಒಬ್ಬರೂ ತಮ್ಮ ಮನೆಯಿಂದ ಹೊರಬಂದಿರಲಿಲ್ಲ. ಗೌತಮ್ ಮೆನನ್ ಅವರ ‘ಕಾರ್ತಿಕ್ ಡಯಲ್ ಸೆಯ್ದ ಎಣ್’ ಕೂಡ ಆ ವರ್ಷವೇ ಐಫೋನಿನಲ್ಲಿ ಚಿತ್ರಿತವಾಯಿತು.

ಅದೇ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ಟಿವಿ ಪಾಠಗಳು ಶುರುವಾದವು. ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಪಾಠ ಬೇಕಲ್ಲ! ನಾವೂ ಫೋನ್ ಹಿಡಿದೆವು. ದೂರದ ಊರಿನ ಸಹೋದ್ಯೋಗಿ ಒಬ್ಬರು ವಿಡಿಯೋ ಕರೆಯಲ್ಲಿ ನಿರ್ದೇಶಕರು. ಮೊದಲ ದಿನವೇ ತಿಳಿದ ಪಾಠ: ಕರೆಯಲ್ಲಿರುವ ಫೋನಿನ ಕ್ಯಾಮೆರಾದಲ್ಲಿ ರೆಕಾರ್ಡಿಂಗ್ ನಡೆಯದು! ಎರಡನೆಯ ಫೋನು ತಂದು ಒಂದರ ಪಕ್ಕ ಒಂದನ್ನು ಪುಸ್ತಕದ ರಾಶಿಗೆ ಒರಗಿಸಿದೆವು. ‘ಮೇಷ್ಟ್ರೇ, ಮುಖ ಕಪ್ಪಾಗಿ ಕಾಣ್ತದೆ, ಕಿಟಕಿಗೆ ಬೆನ್ನು ಹಾಕಬೇಡಿ’ ಎಂದರು ಅವರು. ಅವರು ನೋಡುತ್ತಿದ್ದದ್ದು ಕರೆಯ ಮಸುಕು ಚಿತ್ರವನ್ನು, ಅದೂ ತುಸು ತಡವಾಗಿ. ರೆಕಾರ್ಡಾಗುತ್ತಿದ್ದದ್ದು ಬೇರೆ ಫೋನಿನಲ್ಲಿ. ಹಾಗಾಗಿ ‘ಚೆನ್ನಾಗಿ ಬಂತು’ ಎಂಬ ಮಾತನ್ನು ಅವರೂ ನಂಬಿಕೆಯ ಮೇಲೆಯೇ ಹೇಳಬೇಕಾಗಿತ್ತು. ಹತ್ತು ನಿಮಿಷದ ಪಾಠಕ್ಕೆ ಒಂದಿಡೀ ಮಧ್ಯಾಹ್ನ ಹೋಯಿತು. ಫೋನೇ ಇಲ್ಲದ ಮನೆಯ ಮಕ್ಕಳನ್ನು ಅದು ಆಗಲೂ ಮುಟ್ಟಲಿಲ್ಲ, ಆ ಸಂಕಟ ಇನ್ನೂ ಇದೆ.

ನೀಲಗಿರಿಯಿಂದಲೇ ಬಂದ ಇನ್ನೊಂದು ಚಿತ್ರದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ಊಟಿಯಲ್ಲಿ ಬೆಳೆದ ಕಾರ್ತಿಕಿ ಗೊನ್ಸಾಲ್ವಿಸ್ ಅವರ ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಆಸ್ಕರ್ ಪಡೆಯಿತು. ತೆಪ್ಪಕಾಡು ಆನೆ ಶಿಬಿರದ ಬೊಮ್ಮನ್, ಬೆಳ್ಳಿ ದಂಪತಿ ತಬ್ಬಲಿ ಮರಿ ರಘುವನ್ನು ಸಾಕಿದ ಕಥೆ. ಸುಮಾರು ನಲವತ್ತು ನಿಮಿಷದ ಚಿತ್ರಕ್ಕೆ ಹಿಡಿದದ್ದು ಐದು ವರ್ಷ. ‘ಸ್ವಲ್ಪ ಎಡಕ್ಕೆ ಬಾ, ಇನ್ನೊಂದು ಟೇಕ್’ ಎಂದು ಆನೆಮರಿಗೆ ಫೋನಿನಲ್ಲಿ ಹೇಳಲಾದೀತೇ? ಅವರು ಅಲ್ಲೇ ಇದ್ದು ಕಾದರು.