ಸ್ಪೇನ್ ದೇಶದ ಖಡ್ಗವಿದ್ಯೆ: ಶಾಸ್ತ್ರ ಮತ್ತು ಪರಂಪರೆ

ಕೈಯಿಂದ ಕೈಗೆ ಸಾಗಿಬಂದ ವಿದ್ಯೆಯೊಂದರ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಕರಗಳದು. ಆ ವಿದ್ಯೆಯನ್ನು ಬಲ್ಲವರೆಲ್ಲರೂ ಬರೆದವರಲ್ಲ. ಬರೆದವರಾದರೋ ತಮ್ಮ ಮತವನ್ನೇ ವಿದ್ಯೆಯ ಸರ್ವಸ್ವವೆಂದು ಸಾರುವುದುಂಟು. ನಮ್ಮ ಸಂಗೀತಶಾಸ್ತ್ರಜ್ಞರು ಲಕ್ಷಣ, ಲಕ್ಷ್ಯ ಎಂದು ಎರಡನ್ನು ಬೇರ್ಪಡಿಸಿ ಹೇಳುವರಷ್ಟೆ. ಗ್ರಂಥದಲ್ಲಿ ನಿರೂಪಿತವಾದುದು ಲಕ್ಷಣ. ಪ್ರಯೋಗದಲ್ಲಿ ಕಾಣುವುದು ಲಕ್ಷ್ಯ. ಲಕ್ಷಣಗ್ರಂಥಗಳು ಮಾತ್ರ ಉಳಿದು ಲಕ್ಷ್ಯವು ಲುಪ್ತವಾದಾಗ ಇತಿಹಾಸಕಾರನು ಎಷ್ಟು ಎಚ್ಚರದಿಂದಿರಬೇಕೆಂಬುದಕ್ಕೆ 16 ಮತ್ತು 17ನೆಯ ಶತಮಾನಗಳ ಸ್ಪೇನಿನ ಖಡ್ಗವಿದ್ಯೆ ಒಂದು ನಿದರ್ಶನ. ಆ ವಿದ್ಯೆಯನ್ನು ಅಂದು ಹೇಗೆ ಕಲಿಸುತ್ತಿದ್ದರು, ಅದರ ವಿಷಯದಲ್ಲಿ ನಮಗೆ ದೊರೆತಿರುವ ಸಾಕ್ಷ್ಯ ಯಾರದು ಎಂಬೆರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಅಂದಿನ ಸ್ಪೇನಿನಲ್ಲಿ ಖಡ್ಗವು ಯೋಧನ ಆಯುಧ ಮಾತ್ರವಾಗಿರದೆ ನಗರವಾಸಿಯಾದ ಗೃಹಸ್ಥನ ಉಡುಪಿನ ಅಂಗವೂ ಆಗಿತ್ತು. ಖಡ್ಗದ ಅಲಗು ‘ವಾರಾ’ ಎಂಬ ಆ ದೇಶದ ಅಳತೆಯಲ್ಲಿ ಒಂದೂಕಾಲನ್ನು, ಎಂದರೆ ಸುಮಾರು 3 ಅಡಿ 5 ಅಂಗುಲವನ್ನು ಮೀರಕೂಡದೆಂದು ಎರಡನೆಯ ಫಿಲಿಪ್ ದೊರೆಯು 1564ರಲ್ಲಿ ಶಾಸನ ಹೊರಡಿಸಬೇಕಾಯಿತು. ಇಂತಹ ಕಾಲದಲ್ಲಿ ಸೆವಿಲ್ ನಗರದ ಹೆರೋನಿಮೊ ಸಾಂಚೆಜ್ ದೆ ಕಾರಾಂಜಾ ಎಂಬ ಗೃಹಸ್ಥನು ‘ಆಯುಧಗಳ ತತ್ತ್ವಶಾಸ್ತ್ರ’ವನ್ನು ಕುರಿತು ಸಂವಾದರೂಪದ ಗ್ರಂಥವೊಂದನ್ನು ರಚಿಸಿದನು. 1569ರಲ್ಲಿ ಮುಗಿದ ಈ ಗ್ರಂಥ 1582ರಲ್ಲಿ ಸಾನ್‌ಲೂಕಾರ್ ಪಟ್ಟಣದಲ್ಲಿ ಅಚ್ಚಾಯಿತು. ಕತ್ತಿವರಸೆಯು ಬರಿಯ ಅಭ್ಯಾಸಬಲದ ಕಸುಬಲ್ಲ, ಕಾರಣ ಕಾರ್ಯಗಳನ್ನು ಅರಿತು ಸಾಧಿಸತಕ್ಕ ಶಾಸ್ತ್ರ ಎಂಬುದು ಅವನ ಪ್ರತಿಪಾದನೆ. ಈ ಸಂಪ್ರದಾಯಕ್ಕೆ ‘ವೆರ್ದದೇರಾ ದೆಸ್ತ್ರೇಸಾ’, ಅಂದರೆ ‘ನಿಜವಾದ ಕೌಶಲ’ ಎಂಬ ಹೆಸರು ನಿಂತಿತು. ಬಾಯೇಸಾ ಪಟ್ಟಣದ ಲೂಯಿಸ್ ಪಾಚೇಕೊ ದೆ ನಾರ್ವಾಯೆಜ್ ಎಂಬವನು 1600ರಲ್ಲಿ ‘ಖಡ್ಗದ ಮಹಿಮೆಗಳು’ ಎಂಬ ಗ್ರಂಥವನ್ನು ಪ್ರಕಟಿಸಿ ಈ ಮತವನ್ನು ವಿಸ್ತರಿಸಿದನು.

ಈ ಪದ್ಧತಿಯಲ್ಲಿ ಶಿಷ್ಯನು ಮೊದಲು ಕಲಿಯತಕ್ಕುದು ನಿಲುವು. ದೇಹ ನೆಟ್ಟಗಿರಬೇಕು, ಖಡ್ಗ ಹಿಡಿದ ತೋಳು ಭುಜದ ಮಟ್ಟದಲ್ಲಿ ನೇರವಾಗಿ ಚಾಚಿ ದೇಹದೊಡನೆ ಲಂಬಕೋನವನ್ನುಂಟುಮಾಡಬೇಕು. ಭುಜದಿಂದ ಹೊರಟ ರೇಖೆಗಳಲ್ಲಿ ಅತ್ಯಂತ ದೂರವನ್ನು ಮುಟ್ಟುವುದು ಇದೇ ಎಂಬುದು ಅದರ ಸಮರ್ಥನೆ. ಅನಂತರ ಅಂತರದ ಜ್ಞಾನ. ಎದುರಾಳಿಯ ಖಡ್ಗದ ತುದಿ ತನ್ನ ಖಡ್ಗದ ಹಿಡಿಯ ಕಾಪನ್ನು ದಾಟದಷ್ಟು ದೂರವೇ ಯುಕ್ತವಾದ ಅಂತರ. ಇಬ್ಬರ ನಡುವೆ ನೆಲದ ಮೇಲೆ ವೃತ್ತವೊಂದನ್ನು ಕಲ್ಪಿಸಿಕೊಂಡರೆ ಇಬ್ಬರೂ ಅದರ ವ್ಯಾಸದ ಎರಡು ತುದಿಗಳಲ್ಲಿರುತ್ತಾರೆ. ವ್ಯಾಸದ ಮೇಲೆ ನೇರವಾಗಿ ನುಗ್ಗಿದವನು ಎದುರಾಳಿಯ ಮೊನೆಗೆ ತಾನೇ ಎದೆಯೊಡ್ಡುವನು. ಆದಕಾರಣ ಪರಿಧಿಯ ಮೇಲೆ ಪಕ್ಕಕ್ಕೆ ಹೆಜ್ಜೆಯಿಟ್ಟು ಅನುಕೂಲವಾದ ಕೋನವನ್ನು ಅರಸಬೇಕು. ಖಡ್ಗದ ಚಲನೆಗಳನ್ನೂ ಆರಾಗಿ ವಿಂಗಡಿಸಿದ್ದರು. ಮೇಲಕ್ಕೆ ಎತ್ತುವುದು ಬಲಾತ್ಕಾರದ ಚಲನೆ, ಕೆಳಕ್ಕೆ ಇಳಿಯುವುದು ಸಹಜ ಚಲನೆ ಎಂಬ ಈ ವಿಂಗಡಣೆಯಲ್ಲಿ ಅರಿಸ್ಟಾಟಲನ ಪ್ರಭಾವ ಸ್ಪಷ್ಟವಾಗಿದೆ. ‘ಆತಾಹೊ’ ಎಂಬುದು ಇಲ್ಲಿಯ ಮುಖ್ಯವಾದ ಪಟ್ಟು. ತನ್ನ ಅಲಗನ್ನು ಎದುರಾಳಿಯ ಅಲಗಿನ ಮೇಲಿಟ್ಟು, ಅವನು ಸುತ್ತಿ ಬಳಸಿಯಲ್ಲದೆ ಹೊಡೆಯಲಾಗದಂತೆ ತಡೆಯುವುದೇ ಅದರ ಸ್ವರೂಪ.

ಇದು ಕೇವಲ ಪಂಡಿತರ ಕಲ್ಪನೆಯಾಗಿರಲಿಲ್ಲ. 1599ರಲ್ಲಿ ಇಂಗ್ಲೆಂಡಿನ ಜಾರ್ಜ್ ಸಿಲ್ವರ್ ಎಂಬವನು, ಸ್ಪೇನಿನವರು ನೆಟ್ಟಗೆ ನಿಂತು, ನರ್ತಿಸುವವರಂತೆ ಸದಾ ಹೆಜ್ಜೆ ಬದಲಿಸುತ್ತ, ಮೊನೆಯನ್ನು ಎದುರಾಳಿಯ ಮುಖದತ್ತ ನೇರವಾಗಿ ಹಿಡಿಯುವರೆಂದು ವರ್ಣಿಸಿದ್ದಾನೆ. ಇಟಲಿಯ ಪದ್ಧತಿಯನ್ನು ಕಟುವಾಗಿ ಖಂಡಿಸಿದ ಈತನು ಸ್ಪೇನಿನ ಪದ್ಧತಿಯನ್ನು ಮೆಚ್ಚಿರುವುದು ಗಮನಾರ್ಹ. ಆದುದರಿಂದ ಶಾಸ್ತ್ರಕ್ಕೂ ಪ್ರಯೋಗಕ್ಕೂ ಸಂಬಂಧವಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಸ್ಪೇನಿನಲ್ಲಿ ಕಲಿಸುತ್ತಿದ್ದುದು ಇದೊಂದೇ ಪದ್ಧತಿಯಲ್ಲ. ಇದಕ್ಕಿಂತ ಹಿಂದಿನಿಂದಲೂ ಊರೂರುಗಳಲ್ಲಿ ಪರೀಕ್ಷೆ ಕೊಟ್ಟು ಅನುಮತಿ ಪಡೆದ ಗುರುಗಳು ತಮ್ಮ ಗರಡಿಗಳಲ್ಲಿ ಖಡ್ಗ, ಗುರಾಣಿ, ಬಾಕು, ಎರಡು ಕೈಯಲ್ಲಿ ಹಿಡಿಯುವ ಮಹಾಖಡ್ಗ ಮುಂತಾದುವನ್ನು ಕಲಿಸುತ್ತಿದ್ದರು. ಕಾರಾಂಜಾ, ಪಾಚೇಕೊ ಇವರು ಈ ಪರಂಪರೆಯನ್ನು ‘ಪಾಮರ ಪದ್ಧತಿ’ ಎಂದು ಕರೆದರು. ಆ ಗುರುಗಳು ಬರೆದರೆಂದು ತಿಳಿದುಬರುವ ಹಳೆಯ ಗ್ರಂಥಗಳು ನಷ್ಟವಾಗಿವೆ. ಇದರಿಂದಾಗಿ ಬಹುಕಾಲ ಈ ಪರಂಪರೆಯನ್ನು ಅದರ ಪ್ರತಿಪಕ್ಷಿಗಳ ಬಾಯಿಂದಲೇ ಕೇಳಬೇಕಾಗಿತ್ತು. 1599ರಲ್ಲಿ ದೊಮಿಂಗೊ ಲೂಯಿಸ್ ಗೊಡಿನ್ಯೊ ಎಂಬವನು ಪೋರ್ಚುಗೀಸ್ ಭಾಷೆಯಲ್ಲಿ ಬರೆದ ಹಸ್ತಪ್ರತಿಯೊಂದು ಮಾತ್ರ ಈ ಪದ್ಧತಿಯನ್ನು ಒಳಗಿನಿಂದ ವಿವರಿಸುತ್ತದೆ. ಅದನ್ನು ಓದಿದಾಗ ಪಾಮರರೆನಿಸಿಕೊಂಡವರಿಗೂ ಕ್ರಮವುಳ್ಳ ಪಾಠಗಳೂ ಪರಿಭಾಷೆಯೂ ಇದ್ದುವೆಂಬುದು ವಿಶದವಾಗುತ್ತದೆ.

ಈ ವಾದದಲ್ಲಿ ಅಧಿಕಾರದ ಪಾತ್ರವೂ ಉಂಟು. ಪಾಚೇಕೊ ನಾಲ್ಕನೆಯ ಫಿಲಿಪ್ ದೊರೆಯ ಖಡ್ಗಗುರುವಾದನು. 1625ರಲ್ಲಿ ಅವನು ಗುರುಪದವಿಯ ಪರೀಕ್ಷೆಗೆ ನಿಲ್ಲುವವರಿಗಾಗಿಯೇ ಒಂದು ಕೈಪಿಡಿಯನ್ನು ಪ್ರಕಟಿಸಿದನು. ಒಂದು ಪಕ್ಷದ ಪರಿಭಾಷೆಯೇ ಪರೀಕ್ಷೆಯ ಪರಿಭಾಷೆಯಾದರೆ ಮತ್ತೊಂದು ಪಕ್ಷದ ಗತಿಯೇನೆಂಬುದನ್ನು ಅಧ್ಯಾಪಕರಾದ ನಾವು ಸುಲಭವಾಗಿ ಊಹಿಸಬಲ್ಲೆವು. ಎದುರು ಪಕ್ಷದ ದನಿ ಸಾಹಿತ್ಯದಲ್ಲಿ ಕೇಳಿಬರುತ್ತದೆ. 1626ರಲ್ಲಿ ಅಚ್ಚಾದ ಕೆವೇದೊ ಕವಿಯ ‘ಬುಸ್ಕೋನ್’ ಎಂಬ ಕಾದಂಬರಿಯಲ್ಲಿ ರೇಖಾಗಣಿತದ ಹುಚ್ಚು ಹಿಡಿದ ಪಂಡಿತನೊಬ್ಬನು ಛತ್ರದಲ್ಲಿ ಸೌಟು ಹಿಡಿದು ಕೋನಗಳ ಪಾಠ ಹೇಳುವನು. ಅಷ್ಟರಲ್ಲಿ ಪರೀಕ್ಷೆ ಮುಗಿಸಿದ ಗುರುವೊಬ್ಬನು ಬಂದು ಅವನನ್ನು ಕಂಗೆಡಿಸುವನು. ಆದರೆ ಕೆವೇದೊ ಪಾಚೇಕೊವಿನ ಬದ್ಧವೈರಿ. ಈ ಸಾಕ್ಷ್ಯವನ್ನೂ ನಿಷ್ಪಕ್ಷಪಾತವೆನ್ನಲಾಗದು.

1700ರಲ್ಲಿ ಬೂರ್ಬೋನ್ ವಂಶವು ಸ್ಪೇನಿನ ಸಿಂಹಾಸನವನ್ನೇರಿದ ಮೇಲೆ ಫ್ರೆಂಚ್ ಪದ್ಧತಿಯ ಪ್ರಭಾವ ಕ್ರಮೇಣ ಹೆಚ್ಚಿತು. 1805ರಲ್ಲಿ ಮಾನ್ವೆಲ್ ಆಂತೋನಿಯೊ ದೆ ಬ್ರೆಯಾ ‘ನಿಜವಾದ ಕೌಶಲ’ದ ಹೆಸರನ್ನು ತನ್ನ ಗ್ರಂಥದಲ್ಲಿ ಉಳಿಸಿಕೊಂಡನಾದರೂ ಅವನು ನಿರೂಪಿಸಿದುದು ಕಾಲಕ್ಕೆ ಒಪ್ಪುವ ಕಿರುಖಡ್ಗದ ವಿದ್ಯೆಯನ್ನು. ಮುಂದೆ ಗುರುಶಿಷ್ಯ ಪರಂಪರೆ ಕಡಿದುಹೋಯಿತು. ಈಚಿನ ದಶಕಗಳಲ್ಲಿ ಯೂರೋಪು, ಅಮೆರಿಕಗಳಲ್ಲಿ ಕೆಲವರು ಈ ಗ್ರಂಥಗಳನ್ನು ಓದಿ, ಮೊಂಡ ಖಡ್ಗಗಳನ್ನು ಹಿಡಿದು ವಿದ್ಯೆಯನ್ನು ಪುನಾ ರೂಪಿಸಲು ಯತ್ನಿಸುತ್ತಿದ್ದಾರೆ. ವೃತ್ತ, ಕೋನ, ಹೆಜ್ಜೆಗಳನ್ನು ಗ್ರಂಥ ಹೇಳುತ್ತದೆ. ಅಲಗು ಅಲಗಿಗೆ ತಾಗಿದಾಗ ಎಷ್ಟು ಒತ್ತಬೇಕು, ಯಾವ ಕ್ಷಣದಲ್ಲಿ ಬಿಡಬೇಕು ಎಂಬುದನ್ನು ಗುರುವಿನ ಕೈಯೇ ಹೇಳಬೇಕು. ಆ ಕೈ ಈಗಿಲ್ಲ.

ಹೀಗಿರುವಾಗ ‘ನಿಜವಾದ’ ಮತ್ತು ‘ಪಾಮರ’ ಎಂಬ ಹೆಸರುಗಳನ್ನು ನಾವು ಇತಿಹಾಸದ ತೀರ್ಪೆಂದು ಗ್ರಹಿಸದೆ, ವ್ಯಾಜ್ಯದ ಒಬ್ಬ ಕಕ್ಷಿದಾರನ ಹೇಳಿಕೆಯೆಂದು ಗ್ರಹಿಸುವುದು ಯುಕ್ತ. ಒಂದೇ ಒಂದು ಹಸ್ತಪ್ರತಿಯು ಇನ್ನೊಬ್ಬ ಕಕ್ಷಿದಾರನಿಗೆ ಮಾತು ಬರಿಸಿತು. ಅದು ಉಳಿಯದೆ ಹೋಗಿದ್ದರೆ ಪಾಚೇಕೊವಿನ ಮಾತೇ ನಮ್ಮ ಪಠ್ಯಪುಸ್ತಕದ ಮಾತಾಗುತ್ತಿತ್ತು. ಅಚ್ಚಾದ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ಯಾವುದೇ ದೇಶದ ಕಸುಬು ಕಲೆಗಳ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಡತಕ್ಕುದು.